ಕ್ಯಾರವಾನಿನ ಮೂರು ಟ್ಯಾಂಕುಗಳು ಮತ್ತು ನಮ್ಮ ಐದು ದಿನಗಳು

ಕಳೆದ ಏಪ್ರಿಲ್‌ನಲ್ಲಿ, ಮಗಳ ಪರೀಕ್ಷೆ ಮುಗಿದ ವಾರ, ನಾವು ನಾಲ್ವರು ಮಂಗಳೂರಿನಿಂದ ಕೊಲ್ಲೂರಿಗೆ ಹೋಗಿ ಬಂದೆವು. ದಾರಿಯೇನೂ ದೊಡ್ಡದಲ್ಲ; ಬೆಳಿಗ್ಗೆ ಹೊರಟವರು ದೇವಿಯ ದರ್ಶನ ಮುಗಿಸಿ ರಾತ್ರಿಗೆ ಮನೆ ಸೇರಬಹುದು. ಆದರೆ ನನ್ನ ಅತ್ತೆ ಆರು ವರ್ಷಗಳಿಂದ ಮಂಗಳೂರು ಬಿಟ್ಟು ಹೊರಗೆ ಕಾಲಿಟ್ಟಿರಲಿಲ್ಲ. ಅವರಿಗೀಗ 74 ವರ್ಷ. ಮಂಡಿ ಸವೆದಿರುವುದರಿಂದ ಕುಕ್ಕರಗಾಲಿನಲ್ಲಿ ಕೂರಲಾಗುವುದಿಲ್ಲ, ಆಗಾಗ ಶೌಚಾಲಯಕ್ಕೆ ಹೋಗಬೇಕಾಗುತ್ತದೆ. ಯಾವುದಾದರೂ ಮದುವೆಗೆ ಹೊರಡಬೇಕಾಗಿ ಬಂದರೆ ಹಿಂದಿನ ದಿನದಿಂದಲೇ ಅವರು ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಿದ್ದರು. ಇದನ್ನು ಅವರು ಯಾರಿಗೂ ಹೇಳುತ್ತಿರಲಿಲ್ಲ. ತುಂಬಿಟ್ಟ ಲೋಟ ಹಾಗೆಯೇ ಇರುವುದನ್ನು ಕಂಡು ನನಗೆ ಗೊತ್ತಾದದ್ದು. ಒಳಗೇ ಹಾಸಿಗೆ, ಅಡುಗೆಕಟ್ಟೆ, ಕಮೋಡ್ ಎಲ್ಲ ಇರುವ ಕ್ಯಾರವಾನ್ ಎಂಬ ವಾಹನ ಬಾಡಿಗೆಗೆ ಸಿಗುತ್ತದೆಂದು ಕೇಳಿದಾಗ ನಾವು ತಡಮಾಡದೆ ಐದು ದಿನಕ್ಕೆ ಗೊತ್ತುಮಾಡಿದ್ದು ಈ ಒಂದೇ ಕಾರಣಕ್ಕೆ.

ವಾಹನ ಕೊಟ್ಟವರು ಅದನ್ನು ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿ, ಹಾಸಿಗೆ ಬಿಚ್ಚುವುದು, ಒಲೆ ಹೊತ್ತಿಸುವುದು, ಎ.ಸಿ. ನಡೆಸುವುದು ಎಲ್ಲವನ್ನೂ ಅರ್ಧ ಗಂಟೆ ತೋರಿಸಿದರು. ನೀರಿನ ವ್ಯವಸ್ಥೆಗೆ ಅವರು ಕೊಟ್ಟದ್ದು ಮೂರೇ ನಿಮಿಷ. ಐದು ದಿನ ನಮ್ಮನ್ನು ಕಾಡಿದ್ದು, ಕಲಿಸಿದ್ದು, ಕೊನೆಗೆ ಎಲ್ಲಿ ತಂಗಬೇಕೆಂಬುದನ್ನೂ ನಿರ್ಧರಿಸಿದ್ದು ಆ ಮೂರು ನಿಮಿಷದ ವಿಷಯವೇ. ಆದ್ದರಿಂದ ಹಿರಿಯರನ್ನು ಕರೆದುಕೊಂಡು ಹೀಗೆ ಹೊರಡಬೇಕೆಂದಿರುವವರಿಗೆ ಉಪಯೋಗವಾಗಲೆಂದು ಅದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಇಂಥ ವಾಹನದಲ್ಲಿ ಮೂರು ಟ್ಯಾಂಕುಗಳಿರುತ್ತವೆ. ಮೊದಲನೆಯದು ಒಳ್ಳೆಯ ನೀರಿನದು. ನಮ್ಮ ವಾಹನದಲ್ಲಿ ಅದು 120 ಲೀಟರ್ ಹಿಡಿಯುತ್ತಿತ್ತು. ಎರಡನೆಯದು ಅಡುಗೆಕಟ್ಟೆಯ ಸಿಂಕ್ ಮತ್ತು ಸ್ನಾನದ ನೀರು ಹೋಗಿ ಸೇರುವ ಟ್ಯಾಂಕ್, 60 ಲೀಟರಿನದು. ಇದನ್ನು ಗ್ರೇ ಟ್ಯಾಂಕ್ ಎನ್ನುತ್ತಾರೆ. ಅತ್ತೆ ಮೊದಲ ದಿನವೇ ಅದಕ್ಕೆ ಬಚ್ಚಲು ಟ್ಯಾಂಕಿ ಎಂದು ಹೆಸರಿಟ್ಟರು, ನಮಗೂ ಅದೇ ರೂಢಿಯಾಯಿತು. ಮೂರನೆಯದು ಕಮೋಡಿನ ಕೆಳಗಿರುವ 45 ಲೀಟರಿನ ಬ್ಲ್ಯಾಕ್ ಟ್ಯಾಂಕ್. ಒಳ್ಳೆಯ ನೀರನ್ನು 12 ವೋಲ್ಟಿನ ಸಣ್ಣ ಪಂಪ್ ಒಂದು ನಲ್ಲಿಗಳಿಗೆ ತಳ್ಳುತ್ತದೆ. ನಲ್ಲಿ ತಿರುಗಿಸಿದಾಗ ಪೈಪಿನೊಳಗಿನ ಒತ್ತಡ ಇಳಿದು ಪಂಪ್ ತಾನಾಗಿಯೇ ಓಡತೊಡಗುತ್ತದೆ, ನಲ್ಲಿ ಮುಚ್ಚಿದಾಗ ಒತ್ತಡ ಏರಿ ನಿಲ್ಲುತ್ತದೆ. ಯಾವ ಟ್ಯಾಂಕಿನಲ್ಲಿ ಎಷ್ಟಿದೆ ಎಂದು ತೋರಿಸಲು ಬಾಗಿಲ ಬಳಿ ನಾಲ್ಕು ನಾಲ್ಕು ದೀಪಗಳ ಸಾಲುಗಳಿರುತ್ತವೆ. ವ್ಯವಸ್ಥೆ ಇಷ್ಟೇ.

ಹೊರಡುವ ಹಿಂದಿನ ದಿನ ನಾನು ಒಂದು ಲೋಟ ನೀರು ಹಿಡಿದು ಮೂಸಿ ನೋಡಿದೆ. ಟ್ಯಾಂಕ್ ಕ್ಲೀನ್ ಉಂಟು ಎಂದು ಹೇಳಿಯೇ ವಾಹನದವರು ಹೋಗಿದ್ದರು. ಆದರೆ ನೀರಿಗೆ ಮುಚ್ಚಿಟ್ಟ ಪ್ಲಾಸ್ಟಿಕ್ ಡಬ್ಬಿಯ ವಾಸನೆಯಿತ್ತು, ನೀರು ತುಂಬುವ ಬಾಯಿಯ ಒಳಗೆ ಬೆರಳಾಡಿಸಿದರೆ ಲೋಳೆ ಅಂಟಿತು. ನಮ್ಮ ಊರ ಕಡೆ ಮಳೆಗಾಲ ಕಳೆದ ಮೇಲೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ಎಲ್ಲರಿಗೂ ಗೊತ್ತಿರುವುದೇ. ಆದರೆ ಆ ಪುಡಿಯಲ್ಲಿ ಸುಣ್ಣದ ಅಂಶವಿರುವುದರಿಂದ ಅದು ಟ್ಯಾಂಕಿನ ತಳದಲ್ಲಿ ಕೂತು ಪಂಪಿನ ಮುಂದಿನ ಜರಡಿಯನ್ನು ಕಟ್ಟಿಹಾಕಬಹುದೆಂದು ಯೋಚಿಸಿ, ಸುವಾಸನೆ ಬೆರೆಸದ ದ್ರವರೂಪದ ಬ್ಲೀಚ್ ತಂದೆವು. ಲೀಟರ್ ನೀರಿಗೆ 1 ಮಿಲಿಲೀಟರ್‌ನಂತೆ 120 ಮಿಲಿಲೀಟರ್ ಅಳೆದು, ಬಕೆಟ್ ನೀರಿನಲ್ಲಿ ಕಲಸಿ ಟ್ಯಾಂಕಿಗೆ ಸುರಿದು, ಬಾಯಿಯ ತನಕ ನೀರು ತುಂಬಿಸಿದೆವು. ಅನಂತರ ಒಂದೊಂದೇ ನಲ್ಲಿಯನ್ನು, ಬಿಸಿನೀರಿನದನ್ನೂ ಸೇರಿಸಿ, ಕ್ಲೋರಿನ್ನಿನ ವಾಸನೆ ಬರುವ ತನಕ ತೆರೆದು ಮುಚ್ಚಿದೆವು. ಈ ಕ್ರಮವನ್ನು ಬಿಟ್ಟರೆ ಔಷಧ ಟ್ಯಾಂಕಿನಲ್ಲೇ ಉಳಿಯುತ್ತದೆ, ಲೋಳೆ ಕಟ್ಟಿದ ಪೈಪುಗಳಿಗೆ ತಲುಪುವುದಿಲ್ಲ. ನಾಲ್ಕು ಗಂಟೆ ಬಿಟ್ಟು ಎಲ್ಲವನ್ನೂ ಹರಿಯಬಿಟ್ಟು, ಎರಡು ಸಲ ಒಳ್ಳೆಯ ನೀರಿನಿಂದ ತೊಳೆದೆವು. ಬೇಸಿಗೆಯಲ್ಲಿ ಇಷ್ಟು ನೀರು ಚೆಲ್ಲಲು ಮನಸ್ಸು ಹಿಂಜರಿಯಿತೆಂಬುದು ನಿಜ. ಮಂಗಳೂರಿಗೆ ನೀರು ಬರುವುದು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿರುವ ಕಿಂಡಿ ಅಣೆಕಟ್ಟಿನಿಂದ. 2019ರ ಬೇಸಿಗೆಯಲ್ಲಿ ಆ ನೀರು ಇಳಿದು ಊರಿಗೆಲ್ಲ ಸರದಿಯ ಮೇಲೆ ನೀರು ಬಿಟ್ಟ ದಿನಗಳನ್ನು ನಾವು ಮರೆತಿಲ್ಲ. ಆದರೂ ಈ ಒಂದು ಕೆಲಸದಲ್ಲಿ ಉಳಿತಾಯ ಸಲ್ಲದೆಂದೇ ನನ್ನ ಅಭಿಪ್ರಾಯ. ಇಷ್ಟೆಲ್ಲ ಮಾಡಿದ ಮೇಲೂ ಕುಡಿಯಲು ಮತ್ತು ಅಡುಗೆಗೆ 20 ಲೀಟರಿನ ಕ್ಯಾನ್ ಎರಡನ್ನು ಬೇರೆಯಾಗಿಯೇ ಇಟ್ಟುಕೊಂಡೆವು.

ಮೊದಲ ದಿನ ಮಧ್ಯಾಹ್ನ ಹೊರಟು, ಪಡುಬಿದ್ರಿಯಲ್ಲಿ ಸ್ವಲ್ಪ ಹೊತ್ತು ನಿಂತು, ಸಂಜೆಗೆ ಕಾಪು ತಲುಪಿದೆವು. ಪಡುಬಿದ್ರಿಯ ಕಡಲತೀರಕ್ಕೆ 2020ರಲ್ಲಿ, ಸ್ವಚ್ಛ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮನ್ನಣೆ ದೊರಕಿತು. ಕೊಳಚೆ ನೀರು ತೀರಕ್ಕೆ ಬಂದು ಸೇರಬಾರದೆಂಬುದು ಆ ಮನ್ನಣೆಯ ನಿಯಮಗಳಲ್ಲೊಂದು. ವಾಹನದ ಹೊಟ್ಟೆಯಲ್ಲಿ ನಮ್ಮದೇ ಕೊಳಚೆಯನ್ನು ಹೊತ್ತುಕೊಂಡು ಅಲ್ಲಿ ನಿಂತಿದ್ದಾಗ ಆ ನಿಯಮ ನನಗೆ ಹೆಚ್ಚು ಅರ್ಥವಾಯಿತು. ಕಾಪುವಿನಲ್ಲಿ ಪರಿಚಯದವರೊಬ್ಬರ ತೆಂಗಿನ ತೋಟದಲ್ಲಿ ವಾಹನ ನಿಲ್ಲಿಸಲು ಮೊದಲೇ ಕೇಳಿಕೊಂಡಿದ್ದೆವು. 1901ರ ದೀಪಸ್ತಂಭದ ಬುಡದಲ್ಲಿ ಕೂತು ಮುಳುಗುವ ಸೂರ್ಯನನ್ನು ನೋಡಿದೆವು, ಮಗಳು ಮತ್ತು ಅವಳಪ್ಪ ನೀರಿಗಿಳಿದರು, ಮರಳು ಮೆತ್ತಿಕೊಂಡು ವಾಪಸು ಬಂದೆವು. ನಾಲ್ವರೂ ಒಬ್ಬರಾದ ಮೇಲೊಬ್ಬರು ಸ್ನಾನ ಮಾಡಿದೆವು. ಊಟವಾಯಿತು. ನಾನು ಪಾತ್ರೆ ತೊಳೆಯಲು ಸಿಂಕಿನ ನಲ್ಲಿ ತೆರೆದೆ.

ಐದು ನಿಮಿಷವಾಗಿರಬಹುದು, ಬಚ್ಚಲಿನಿಂದ ಮಗಳು ಕೂಗಿದಳು. ಹೋಗಿ ನೋಡಿದರೆ ಬಚ್ಚಲಿನ ನೆಲದ ಜಾಲರಿಯಿಂದ ನೀರು ಮೇಲಕ್ಕೆ ಬರುತ್ತಿತ್ತು. ಸಾರಿನ ಹುಳಿ ಬಣ್ಣದ ನೀರು, ಅದರ ಮೇಲೆ ತೆಂಗಿನೆಣ್ಣೆಯ ಸಣ್ಣ ಸಣ್ಣ ಉಂಗುರಗಳು, ನಡುವೆ ಕುಚ್ಚಲಕ್ಕಿಯ ಏಳೆಂಟು ಅಗುಳು ಮತ್ತು ಒಂದು ಕರಿಬೇವಿನೆಲೆ, ಅಂಚಿನಲ್ಲಿ ಕಡಲಿನ ಮರಳು. ನಾನು ಅಡುಗೆಕಟ್ಟೆಯಲ್ಲಿ ಚೆಲ್ಲಿದ್ದು ಬಚ್ಚಲಿನಲ್ಲಿ ಏಳುತ್ತಿತ್ತು. ಗೋಡೆಯ ದೀಪಗಳು ಮಾತ್ರ ಬಚ್ಚಲು ಟ್ಯಾಂಕಿ ಅರ್ಧದಷ್ಟೇ ತುಂಬಿದೆ ಎನ್ನುತ್ತಿದ್ದವು.

ಕಾರಣಗಳು ಆಮೇಲೆ ತಿಳಿದವು. ಸಿಂಕಿನ ನೀರೂ ಸ್ನಾನದ ನೀರೂ ಒಂದೇ ಟ್ಯಾಂಕಿಗೆ ಹೋಗುತ್ತವೆ. ಟ್ಯಾಂಕ್ ತುಂಬಿದ ಮೇಲೆ ನೀರು ಎಲ್ಲಕ್ಕಿಂತ ತಗ್ಗಿನಲ್ಲಿರುವ ಬಾಯಿಯಿಂದ, ಅಂದರೆ ಬಚ್ಚಲಿನ ನೆಲದಿಂದ, ಹೊರಗೆ ಬರುತ್ತದೆ. ನಾವು ವಾಹನವನ್ನು ತುಸು ಇಳಿಜಾರಿನಲ್ಲಿ ನಿಲ್ಲಿಸಿದ್ದರಿಂದ ನೀರು ಒಂದು ಬದಿಗೆ ವಾಲಿ, ಟ್ಯಾಂಕಿನ ಇನ್ನೊಂದು ಬದಿಯಲ್ಲಿದ್ದ, ದೀಪಗಳಿಗೆ ಮಟ್ಟ ತಿಳಿಸುವ ಸೂಚಕಕ್ಕೆ ತಾಗಿರಲಿಲ್ಲ. ಮೇಲಾಗಿ ಜಿಡ್ಡು ಅಂಟಿದ ಸೂಚಕಗಳು ಸುಳ್ಳು ಹೇಳುವುದು ಇಂಥ ವಾಹನಗಳಲ್ಲಿ ಸಾಮಾನ್ಯ. ಆದರೆ ಇವೆಲ್ಲಕ್ಕಿಂತ ದೊಡ್ಡ ಕಾರಣ ನಮ್ಮ ಲೆಕ್ಕವೇ ತಪ್ಪಾಗಿದ್ದುದು. 120 ಲೀಟರ್ ಇದೆ, ನಾಲ್ಕು ಜನಕ್ಕೆ ಎರಡು ದಿನಕ್ಕೆ ಸಾಕು ಎಂದು ನಾವು ಯೋಚಿಸಿದ್ದು ನೀರು ಮುಗಿಯುವ ಬಗ್ಗೆ ಮಾತ್ರ. ಒಳ್ಳೆಯ ನೀರು ಮುಗಿಯುವುದಕ್ಕೆ ಮೊದಲು ಬಚ್ಚಲು ಟ್ಯಾಂಕಿ ತುಂಬುತ್ತದೆ. ಬಳಸಿದ ನೀರೆಲ್ಲ 60 ಲೀಟರಿನ ಟ್ಯಾಂಕಿನಲ್ಲೇ ನಿಲ್ಲಬೇಕಾದಾಗ, ಒಂದು ಸ್ನಾನಕ್ಕೆ 15 ಲೀಟರ್ ಬಳಸಿದರೂ ನಾಲ್ಕು ಸ್ನಾನಕ್ಕೆ ಟ್ಯಾಂಕ್ ಭರ್ತಿ. ಇಂಥ ವಾಹನದಲ್ಲಿ ಮೊದಲ ಸಲ ಹೊರಡುವವರು ಇದೊಂದನ್ನು ನೆನಪಿಟ್ಟರೂ ಸಾಕು.

ಆ ರಾತ್ರಿ ಪಾತ್ರೆಗಳನ್ನು ಹಳೆಯ ಪೇಪರಿನಲ್ಲಿ ಒರೆಸಿ ಬದಿಗಿಟ್ಟೆವು. ಬೆಳಿಗ್ಗೆ ತೋಟದವರನ್ನು ಕೇಳಿದಾಗ, "ಬಚ್ಚಲ ನೀರಲ್ವಾ, ತೆಂಗಿನ ಬುಡಕ್ಕೆ ಬಿಡಿ ಮಾರಾಯ್ರೆ, ನಮ್ಮ ಮನೆಯದ್ದೂ ಅಲ್ಲಿಗೇ ಹೋಗುವುದು" ಎಂದರು. ಕರಾವಳಿಯಲ್ಲಿ ಹುಟ್ಟಿದವರಿಗೆ ಇದು ಹೊಸದಲ್ಲ. ಆದರೂ ನಾನು ಅನುಮತಿ ಸಿಕ್ಕಿತೆಂದು ಹಾಗೆಯೇ ಹರಿಯಬಿಡಲು ಒಪ್ಪಲಿಲ್ಲ. ಮನೆಯ ಬಚ್ಚಲಿಂದ ದಿನವೂ ಸ್ವಲ್ಪ ಸ್ವಲ್ಪವೇ ಹೋಗುವ ನೀರು ಬೇರೆ, ಅಡುಗೆಯ ಜಿಡ್ಡು ಬೆರೆತು ರಾತ್ರಿಯಿಡೀ ಮುಚ್ಚಿದ ಟ್ಯಾಂಕಿನಲ್ಲಿ ಬಿಸಿಗೆ ಕೂತ 60 ಲೀಟರ್ ಬೇರೆ. ಬಾವಿಯಿಂದ ದೂರದಲ್ಲಿದ್ದ ಐದು ಮರಗಳನ್ನು ಆರಿಸಿ, ಪೈಪಿನ ತುದಿಗೆ ಹಳೆಯ ಪಂಚೆಯ ತುಂಡು ಕಟ್ಟಿ, ಒಂದೊಂದು ಬುಡಕ್ಕೆ ಸ್ವಲ್ಪ ಸ್ವಲ್ಪವೇ ಬಿಟ್ಟೆವು. ಬಟ್ಟೆಯಲ್ಲಿ ಉಳಿದ ಅಗುಳು, ಮರಳು, ಕೂದಲನ್ನು ಮಣ್ಣಿನಲ್ಲಿ ಹೂತೆವು. ಇನ್ನೂ ಒಂದು ದಿನ ಬಿಟ್ಟಿದ್ದರೆ ಆ ನೀರು ಕೊಳೆತು ನಾರುತ್ತಿತ್ತು. ಬಚ್ಚಲ ನೀರನ್ನು ಸಾಧ್ಯವಾದರೆ ಅಂದಂದಿಗೇ ಖಾಲಿ ಮಾಡುವುದು ಒಳ್ಳೆಯದು.

ಅಲ್ಲಿಂದ ಮುಂದೆ ಪಾತ್ರೆಯ ಜವಾಬ್ದಾರಿಯನ್ನು ಅತ್ತೆ ವಹಿಸಿಕೊಂಡರು. "ಎಂತಕ್ಕೆ ಅಷ್ಟು ನೀರು ಬಿಡ್ತೀ? ಬಾವಿಯಿಂದ ನೀನೇ ಸೇದಿ ತಂದದ್ದು ಅಂತ ಎಣಿಸು" ಎಂದು ನನಗೆ ಹೇಳಿ, ಎರಡು ಬೋಗುಣಿ ಇಟ್ಟುಕೊಂಡು ಕೂತರು. ಮೊದಲು ಪೇಪರಿನಿಂದ ಜಿಡ್ಡು ಒರೆಸಬೇಕು. ಒಂದು ಬೋಗುಣಿಯ ಸಾಬೂನು ನೀರಿನಲ್ಲಿ ತೆಂಗಿನ ನಾರಿನಿಂದ ಉಜ್ಜಬೇಕು. ಇನ್ನೊಂದರಲ್ಲಿ ಅದ್ದಿ ತೆಗೆಯಬೇಕು. ಮೊದಲು ಲೋಟಗಳು, ಆಮೇಲೆ ತಟ್ಟೆಗಳು, ಕೊನೆಗೆ ಸಾರಿನ ಪಾತ್ರೆ. ಇಡೀ ಊಟದ ಪಾತ್ರೆಗೆ ಹಿಡಿದದ್ದು 5 ಲೀಟರ್. ನಾನು ನಲ್ಲಿ ಬಿಟ್ಟು ತೊಳೆದಾಗ ಅದರ ನಾಲ್ಕರಷ್ಟು ಹೋಗಿತ್ತು. ಸ್ನಾನಕ್ಕೂ ಕ್ರಮ ಬದಲಾಯಿತು. ಮೈ ನೆನೆಸಿ ನಲ್ಲಿ ಮುಚ್ಚಿ, ಸಾಬೂನು ಹಚ್ಚಿ, ಮತ್ತೆ ತೆರೆದು ತೊಳೆದುಕೊಳ್ಳುವುದು. ಇದರಿಂದ ಒಬ್ಬರಿಗೆ 6 ಲೀಟರ್ ಸಾಕಾಯಿತು. ಮರಳು ಮೆತ್ತಿದ ಕಾಲುಗಳನ್ನು ಹೊರಗೇ ತೊಳೆದು ಒಳಗೆ ಬರುವುದು ಕಡ್ಡಾಯವಾಯಿತು.

ಶೌಚದ ಟ್ಯಾಂಕಿನ ವಿಷಯವನ್ನು ಬರೆಯಲು ನಮ್ಮಲ್ಲಿ ಸಂಕೋಚ ಪಡುತ್ತಾರೆ. ನನಗೆ ಸಂಕೋಚವಿಲ್ಲ, ಏಕೆಂದರೆ ಅತ್ತೆ ಆರು ವರ್ಷ ಮನೆಯಲ್ಲೇ ಉಳಿದದ್ದು ಇದರಿಂದಲೇ. ಈ ವಾಹನಗಳ ಕುರಿತ ಸೂಚನೆಗಳೆಲ್ಲ ಅಮೆರಿಕದಂಥ ದೇಶಗಳಿಂದ ಬಂದವು. ಕಾಗದ ಬಳಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ನೀರು ಸಾಕಷ್ಟು ಹಾಕದಿದ್ದರೆ ಕಾಗದವೂ ಮಲವೂ ತಳದಲ್ಲಿ ಗಟ್ಟಿಯಾಗಿ ಗುಡ್ಡೆ ಕಟ್ಟುತ್ತವೆ, ಸೂಚಕಗಳಿಗೆ ಕಾಗದ ಅಂಟಿ ಖಾಲಿ ಟ್ಯಾಂಕನ್ನು ಭರ್ತಿ ಎಂದು ತೋರಿಸುತ್ತವೆ ಎಂಬುದು ಅಲ್ಲಿಯವರ ಮುಖ್ಯ ತಲೆಬಿಸಿ. ನಾವು ತೊಳೆಯುವವರಾದ್ದರಿಂದ ಆ ತೊಂದರೆ ಇಲ್ಲ. ಎಲ್ಲವೂ ತೆಳ್ಳಗೆ ಕರಗಿ ಸುಲಭವಾಗಿ ಹರಿದುಹೋಗುತ್ತದೆ. ನಮ್ಮ ತೊಂದರೆ ಬೇರೆ. ಗೋಡೆಗೆ ಸಿಕ್ಕಿಸಿದ ಜೆಟ್ ಸ್ಪ್ರೇ ಬಳಸಿದರೆ ಒಂದು ಸಲಕ್ಕೆ ಎಷ್ಟು ನೀರು ಹೋಯಿತೆಂಬುದೇ ತಿಳಿಯುವುದಿಲ್ಲ, 45 ಲೀಟರಿನ ಟ್ಯಾಂಕ್ ಒಂದೇ ದಿನದಲ್ಲಿ ತುಂಬಿಬಿಡುತ್ತದೆ. ಎರಡನೆಯ ದಿನ ನಾವು ಜೆಟ್ ಬಳಸುವುದನ್ನೇ ಬಿಟ್ಟು, ಒಂದು ಚೆಂಬು ಇಟ್ಟೆವು. ಸರಿಯಾಗಿ ಅರ್ಧ ಲೀಟರಿನ ಹಿತ್ತಾಳೆಯ ಚೆಂಬು, ಅತ್ತೆ ಮನೆಯಿಂದಲೇ ಚೀಲದಲ್ಲಿ ಹಾಕಿಕೊಂಡು ಬಂದಿದ್ದುದು. ತೊಳೆಯಲು ಒಂದು ಚೆಂಬು, ಕಮೋಡಿಗೆ ಒಂದು ಚೆಂಬು. ನಾಲ್ಕು ಜನ, ದಿನಕ್ಕೆ ಸುಮಾರು 20 ಸಲ ಎಂದರೆ 20 ಲೀಟರಿನ ಮೇಲೆ ಸ್ವಲ್ಪ. ಎರಡು ದಿನಕ್ಕೊಮ್ಮೆ ಖಾಲಿ ಮಾಡಿದರಾಯಿತು. ದೀಪಗಳನ್ನು ನಂಬುವ ಅಗತ್ಯವೇ ಬೀಳಲಿಲ್ಲ.

ಜೆಟ್ ಬಿಟ್ಟದ್ದಕ್ಕೆ ಇನ್ನೂ ಒಂದು ಕಾರಣವಿತ್ತು. ಮೊದಲ ರಾತ್ರಿ ಎಲ್ಲರೂ ಮಲಗಿದ ಮೇಲೆ ಪಂಪ್ ಹತ್ತು ನಿಮಿಷಕ್ಕೊಮ್ಮೆ ಗುರ್ ಎಂದು ಒಂದು ಕ್ಷಣ ಓಡಿ ನಿಲ್ಲುತ್ತಿತ್ತು. ಯಾರೂ ನಲ್ಲಿ ತೆರೆದಿಲ್ಲದಿದ್ದರೂ ಪಂಪ್ ಓಡುತ್ತಿದೆಯೆಂದರೆ ಎಲ್ಲೋ ನೀರು ಸೋರಿ ಒತ್ತಡ ಇಳಿಯುತ್ತಿದೆ ಎಂದರ್ಥ. ಟಾರ್ಚ್ ಹಿಡಿದು ಹುಡುಕಿದಾಗ ಜೆಟ್ಟಿನ ಹಿಡಿಕೆಯ ಬುಡದಿಂದ ಹನಿಗಳು ಇಳಿಯುತ್ತಿದ್ದವು. ಅದರ ಹಿಂದಿನ ನಲ್ಲಿಯನ್ನೇ ಮುಚ್ಚಿ, ಮುಂದಿನ ದಿನಗಳಲ್ಲಿ ಮಲಗುವ ಮುನ್ನ ಪಂಪಿನ ಸ್ವಿಚ್ ಆರಿಸಿ, ಬಚ್ಚಲಿನಲ್ಲಿ ಒಂದು ಕೊಡಪಾನ ನೀರು ತುಂಬಿಸಿಡುವುದನ್ನು ಅಭ್ಯಾಸ ಮಾಡಿಕೊಂಡೆವು. ವಾಸನೆಯ ವಿಷಯದಲ್ಲಿ ಒಂದು ಮಾತು: ಚಾವಣಿಯ ಫ್ಯಾನ್ ಗಾಳಿಯನ್ನು ಹೊರಗೆ ಎಳೆಯುತ್ತಿರುವಾಗ ಕಮೋಡಿನ ಕೆಳಗಿನ ಮುಚ್ಚಳ ತೆರೆದರೆ ಟ್ಯಾಂಕಿನ ಗಾಳಿ ಪೂರ್ತಿ ಕೋಣೆಯೊಳಗೆ ಬರುತ್ತದೆ. ಫ್ಯಾನ್ ಆರಿಸಿ ನೀರು ಹಾಕಬೇಕು, ಮುಚ್ಚಳದ ಮೇಲೆ ಯಾವಾಗಲೂ ಸ್ವಲ್ಪ ನೀರು ನಿಂತಿರಬೇಕು. ಇಷ್ಟು ಮಾಡಿದ್ದರಿಂದ ಏಪ್ರಿಲ್‌ನ ಸೆಕೆಯಲ್ಲೂ ವಾಸನೆ ನಮ್ಮನ್ನು ಕಾಡಲಿಲ್ಲ.

ಎರಡನೆಯ ದಿನ ಉಡುಪಿಯಲ್ಲಿ ಕೃಷ್ಣನ ದರ್ಶನ ಮುಗಿಸಿ ಸಂಜೆಗೆ ಬ್ರಹ್ಮಾವರದ ನನ್ನ ಅಣ್ಣನ ಮನೆಗೆ ಹೋದೆವು. ಅಮೆರಿಕದಲ್ಲಿ ಇಂಥ ವಾಹನಗಳು ತಂಗುವ ಮೈದಾನಗಳಲ್ಲಿಯೇ ತ್ಯಾಜ್ಯ ಬಿಡಲು ನೆಲದೊಳಗೆ ಬಾಯಿಗಳನ್ನು ಮಾಡಿರುತ್ತಾರೆ. ನಮ್ಮ ದಾರಿಯಲ್ಲಿ ಅಂಥದ್ದು ಎಲ್ಲೂ ಸಿಗಲಿಲ್ಲ. ನನ್ನ ಗಂಡ ಹೊರಡುವ ಮುನ್ನವೇ ಫೋನ್ ಮಾಡಿ, "ಭಾವ, ನಿಮ್ಮ ಪಿಟ್ಟಿನ ಚೇಂಬರ್ ಮುಚ್ಚಳ ತೆಗೀಲಿಕ್ಕೆ ಆಗ್ತದಾ?" ಎಂದು ಕೇಳಿದ್ದರು. "ಅದಕ್ಕೆಂತ, ನೀವು ಬನ್ನಿ" ಎಂದು ಅಣ್ಣ ಒಪ್ಪಿದ್ದ. ಒಂದು ಮನೆಯ ಸೆಪ್ಟಿಕ್ ಟ್ಯಾಂಕಿಗೆ 30 - 40 ಲೀಟರ್ ದೊಡ್ಡ ಹೊರೆಯಲ್ಲ, ನಾಲ್ಕು ನೆಂಟರು ಎರಡು ದಿನ ಉಳಿದುಕೊಂಡಷ್ಟೇ. ಆದರೆ ವಾಹನದ ಶೌಚದ ಟ್ಯಾಂಕಿಗೆ ಹಾಕುವ ಔಷಧದ ಬಗ್ಗೆ ಎಚ್ಚರ ಬೇಕು. ಫಾರ್ಮಾಲ್ಡಿಹೈಡ್ ಇರುವ ದ್ರವಗಳು ವಾಸನೆಯನ್ನು ಅಡಗಿಸುತ್ತವೆ ನಿಜ, ಅದರೊಂದಿಗೆ ಸೆಪ್ಟಿಕ್ ಟ್ಯಾಂಕಿನಲ್ಲಿ ಮಲವನ್ನು ಕೊಳೆಸುವ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತವೆ. ನಾವು ಕಿಣ್ವ (ಎಂಜೈಮ್) ಆಧಾರಿತ ದ್ರವವನ್ನು ಮಾತ್ರ ಬಳಸಿದ್ದೆವು.

ನನ್ನ ಗಂಡ ಮತ್ತು ನಾನು ಉದ್ದನೆಯ ರಬ್ಬರ್ ಗ್ಲೌಸ್ ಹಾಕಿಕೊಂಡು 3 ಇಂಚಿನ ಪೈಪನ್ನು ಬಿಚ್ಚಿದೆವು. ಹೊರಗಿನ ಮುಚ್ಚಳ ತಿರುಗಿಸಿದ ಕೂಡಲೇ ಒಂದು ಲೋಟದಷ್ಟು ಕಂದು ನೀರು ಅಂಗಳದ ಮೇಲೆ ಬಿತ್ತು. ಒಳಗಿನ ವಾಲ್ವ್ ಪೂರ್ತಿ ಮುಚ್ಚಿರಲಿಲ್ಲ. ಅದರ ತೆಳು ಹಲಗೆಯ ಅಂಚಿನಲ್ಲಿ ಏನೋ ಸಿಕ್ಕಿ ಕೂದಲೆಳೆಯಷ್ಟು ಸಂದು ಉಳಿದಿತ್ತು. ಮುಚ್ಚಳ ತೆಗೆಯುವ ಮೊದಲು ಕೆಳಗೆ ಬಕೆಟ್ ಇಡಬೇಕೆಂಬುದು ನಮಗೆ ಹೊಳೆದಿರಲಿಲ್ಲ. ಬಿದ್ದದ್ದನ್ನು ಮಣ್ಣುಸಹಿತ ಕೆರೆದು ಚೇಂಬರಿಗೇ ಹಾಕಿ, ಆ ಜಾಗಕ್ಕೆ ಬ್ಲೀಚ್ ನೀರು ಹೊಯ್ದೆವು. ಎರಡನೆಯ ತಪ್ಪು ಇದಕ್ಕಿಂತ ಹೆಚ್ಚು ಕೆಲಸ ಕೊಟ್ಟಿತು. ಬಚ್ಚಲು ಟ್ಯಾಂಕಿಯ ವಾಲ್ವನ್ನು ಮೊದಲು ಎಳೆದು ಅದರ ನೀರನ್ನೆಲ್ಲ ಬಿಟ್ಟು, ಆಮೇಲೆ ಶೌಚದ ಟ್ಯಾಂಕಿನದನ್ನು ಎಳೆದೆವು. ಹಾಗೆ ಮಾಡಬಾರದು. ಶೌಚದ್ದು ಮೊದಲು, ಬಚ್ಚಲಿನದು ಆಮೇಲೆ. ಏಕೆಂದರೆ ಸಾಬೂನು ನೀರು ಕೊನೆಗೆ ಹರಿದು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ನಮ್ಮ ಬಳಿ ತೊಳೆಯಲು ಏನೂ ಉಳಿದಿರಲಿಲ್ಲ. ನೆಲದ ಮೇಲೆ ಸಪಾಟಾಗಿ ಬಿದ್ದಿದ್ದ ಪೈಪಿನ ನಡುವೆ ಅರ್ಧ ನಿಂತುಬಿಟ್ಟಿತ್ತು. ಅಣ್ಣ ಬಾವಿಯಿಂದ ಆರು ಕೊಡಪಾನ ಸೇದಿ ಕೊಟ್ಟ. ನಾವು ಪೈಪನ್ನು ವಾಹನದ ಕಡೆಯಿಂದ ಮೊಳ ಮೊಳವಾಗಿ ಎತ್ತುತ್ತಾ ಚೇಂಬರಿನ ಕಡೆಗೆ ನಡೆಸಿ, ಮೂರು ಸಲ ತೊಳೆದೆವು. ಅತ್ತಿಗೆ ಬಾಗಿಲಲ್ಲಿ ಬಿಸಿನೀರು ಮತ್ತು ಸಾಬೂನು ಹಿಡಿದು ನಿಂತಿದ್ದರು, ಒಂದು ಮಾತೂ ಆಡಲಿಲ್ಲ. ಅವರ ಆ ದೊಡ್ಡತನವನ್ನು ನಾನು ಮರೆಯಲಾರೆ.

ಕೊನೆಯಲ್ಲಿ ಖಾಲಿ ಟ್ಯಾಂಕಿಗೆ ನಾಲ್ಕು ಲೀಟರ್ ನೀರು ಮತ್ತು ಒಂದು ಮುಚ್ಚಳ ಕಿಣ್ವದ ದ್ರವ ಹಾಕಿ ವಾಲ್ವ್ ಮುಚ್ಚಿದೆವು. ಒಣಗಿದ ತಳದ ಮೇಲೆ ಬಿದ್ದದ್ದು ಅಂಟಿಕೊಳ್ಳುತ್ತದೆ, ನೀರಿನ ಮೇಲೆ ಬಿದ್ದದ್ದು ತೇಲಿ ಕರಗುತ್ತದೆ.

ಮೂರನೆಯ ದಿನ ಮರವಂತೆಗೆ ಹೋದೆವು. ಅಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ನಾವು ತಂಗಿದ್ದ ಜಾಗದವರು ಬಾವಿಯ ನೀರು ತುಂಬಿಸಿಕೊಳ್ಳಲು ಹೇಳಿದರು. ನೀರು ಕನ್ನಡಿಯಂತೆ ತಿಳಿಯಾಗಿತ್ತು. ಪೈಪ್ ಸಿಕ್ಕಿಸುವ ಮೊದಲು ಅತ್ತೆ ಅಂಗೈಯಲ್ಲಿ ಹಿಡಿದು ನಾಲಿಗೆಗೆ ತಾಗಿಸಿ, "ಉಪ್ಪುಂಟು" ಎಂದರು. ಬೇಸಿಗೆಯಲ್ಲಿ ನದಿಯ ಹರಿವು ಇಳಿದಾಗ ಕಡಲಿನ ನೀರು ಒಳಗೆ ನುಗ್ಗಿ ದಡದ ಬಾವಿಗಳೂ ಉಪ್ಪಾಗುವುದು ನಮ್ಮ ಕರಾವಳಿಯ ಹಳೆಯ ಕಷ್ಟ. ಅದನ್ನು ತಡೆಯಲೆಂದೇ ಹೊಳೆಗಳಿಗೆ ಕಿಂಡಿ ಅಣೆಕಟ್ಟುಗಳನ್ನು ಕಟ್ಟಿ ಹಲಗೆ ಹಾಕುತ್ತಾರೆ. ಆ ನೀರನ್ನು ತುಂಬಿಸಿದ್ದರೆ ಪಂಪಿಗೂ ಗೀಸರಿಗೂ ಹಾನಿಯಾಗುತ್ತಿತ್ತು, ಇಡೀ ಟ್ಯಾಂಕ್ ಮತ್ತೆ ತೊಳೆಯಬೇಕಾಗುತ್ತಿತ್ತು. ಟ್ಯಾಂಕಿನಲ್ಲಿ ಉಳಿದಿದ್ದ ನೀರಿನಲ್ಲೇ ರಾತ್ರಿ ಕಳೆದು, ಮರುದಿನ ವಂಡ್ಸೆಯ ಕಡೆ ಒಳನಾಡಿನಲ್ಲಿ ಒಂದು ಮನೆಯವರನ್ನು ಕೇಳಿ, ರುಚಿ ನೋಡಿ, 60 ಲೀಟರ್ ಮಾತ್ರ ಹಾಕಿಸಿಕೊಂಡೆವು. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತಿರುವಿನ ದಾರಿಯಲ್ಲಿ ಹೋಗುವುದರಲ್ಲಿ ಅರ್ಥವಿರಲಿಲ್ಲ.

ನಾಲ್ಕನೆಯ ದಿನ ಕೊಲ್ಲೂರು. ದರ್ಶನ ಚೆನ್ನಾಗಿ ಆಯಿತು. ಅತ್ತೆ ಸಾಲಿನಲ್ಲಿ ನಿಲ್ಲುವ ಮೊದಲು ವಾಹನಕ್ಕೆ ಹೋಗಿ ಬಂದರು, ಹೊರಗೆ ಬಂದ ಮೇಲೆ ಎರಡು ಲೋಟ ನೀರು ಕುಡಿದರು. ಇದನ್ನು ನೋಡಲೆಂದೇ ನಾವು ಇಷ್ಟೆಲ್ಲ ಮಾಡಿದ್ದು.

ಅಷ್ಟರಲ್ಲಿ ಶೌಚದ ಟ್ಯಾಂಕ್ ಮುಕ್ಕಾಲು ತುಂಬಿತ್ತು, ಬಚ್ಚಲು ಟ್ಯಾಂಕಿಯೂ ಹತ್ತಿರ ಹತ್ತಿರ ಭರ್ತಿ. ವಾಹನ ನಿಲ್ಲಿಸಿದ್ದ ಜಾಗವನ್ನು ನೋಡಿಕೊಳ್ಳುತ್ತಿದ್ದವರೊಬ್ಬರು ನಮ್ಮ ಮಾತು ಕೇಳಿಸಿಕೊಂಡು, "ರಾತ್ರಿ ತೋಡಿಗೆ ಬಿಡಿ, ಯಾರಿಗೂ ಗೊತ್ತಾಗುದಿಲ್ಲ" ಎಂದರು. ನಾವು ಒಪ್ಪದಿದ್ದಾಗ, ಹಣ ಕೊಟ್ಟರೆ ಒಬ್ಬನನ್ನು ಕರೆಸುತ್ತೇನೆ, ಬಕೆಟಿನಲ್ಲಿ ತೆಗೆದು ಎಲ್ಲಾದರೂ ಹಾಕುತ್ತಾನೆ ಎಂದೂ ಹೇಳಿದರು. ಅವರು ಸಹಾಯ ಮಾಡಲೆಂದೇ ಹೇಳಿದ್ದು, ಅದರಲ್ಲಿ ಸಂಶಯವಿಲ್ಲ. ಆದರೆ ಆ ತೋಡು ಇಳಿದುಹೋಗುವುದು ಸೌಪರ್ಣಿಕೆಗೆ. ಕೊಡಚಾದ್ರಿಯ ಕಡೆಯಿಂದ ಇಳಿದು ಬರುವ ಆ ನದಿಯಲ್ಲಿ ಕೊಲ್ಲೂರಿಗೆ ಬಂದ ಭಕ್ತರು ಮುಳುಗು ಹಾಕುತ್ತಾರೆ. ಹಿಂದಿನ ರಾತ್ರಿ ಮರವಂತೆಯಲ್ಲಿ ನಮ್ಮ ಕಿಟಕಿಯ ಹೊರಗೆ ಹರಿಯುತ್ತಿದ್ದುದೂ ಅದೇ ನದಿ. ಇನ್ನು ಬಕೆಟಿನ ಮಾತು. ಮನುಷ್ಯರ ಕೈಯಿಂದ ಮಲ ತೆಗೆಸುವುದನ್ನು ನಿಷೇಧಿಸುವ ಕಾಯ್ದೆ 2013ರಲ್ಲಿ ಬಂದಿದೆ. ಕಾಯ್ದೆ ಇಲ್ಲದಿದ್ದರೂ ನಮ್ಮ ಹೊಲಸನ್ನು ಇನ್ನೊಬ್ಬರ ತಲೆಗೆ ಹೊರಿಸಿ ದೇವಸ್ಥಾನದಿಂದ ಮನೆಗೆ ಹೋಗುವುದು ನನ್ನಿಂದ ಆಗದ ಕೆಲಸ. "ನಾವೇ ಖಾಲಿ ಮಾಡ್ತೇವೆ ಅಣ್ಣಾ, ಜಾಗ ಉಂಟು" ಎಂದು ಹೇಳಿ, ಆ ರಾತ್ರಿ ಅಲ್ಲಿ ತಂಗುವ ಯೋಚನೆಯನ್ನು ಬಿಟ್ಟು ಹೊರಟೆವು.

ಬ್ರಹ್ಮಾವರಕ್ಕೆ ಸುಮಾರು ಎರಡು ಗಂಟೆಯ ದಾರಿ. ಹೊರಡುವ ಮುನ್ನ ನಾನು ಶೌಚದ ಟ್ಯಾಂಕಿಗೆ ಇನ್ನೂ ನಾಲ್ಕು ಚೆಂಬು ನೀರು ಹಾಕಿದೆ. ತಿರುವುಗಳಲ್ಲಿ ಅದು ಅಲುಗಾಡಿ ಒಳಗಿನ ಗೋಡೆಗಳನ್ನು ತಾನೇ ತೊಳೆದುಕೊಳ್ಳುತ್ತದೆ. ಪ್ರತಿ ಬ್ರೇಕಿಗೂ ಕಾಲಡಿಯಲ್ಲಿ ನೀರು ಮುಂದಕ್ಕೆ ಬಂದು ತಾಗಿ ಹಿಂದಕ್ಕೆ ಹೋಗುವ ಸದ್ದು ಕೇಳಿಸುತ್ತಿತ್ತು. ರಾತ್ರಿ ಒಂಬತ್ತಕ್ಕೆ ಅಣ್ಣನ ಅಂಗಳದಲ್ಲಿ ಚೇಂಬರಿನ ಮುಚ್ಚಳ ತೆಗೆದಾಗ ಎಲ್ಲವೂ ಕ್ರಮವಾಗಿ ನಡೆಯಿತು. ಮೊದಲು ಬಕೆಟ್ ಇಟ್ಟು ಮುಚ್ಚಳ ತಿರುಗಿಸಿದೆವು. ಹಳೆಯ ಅಡಕೆ ದಬ್ಬೆಗಳನ್ನು ಕಲ್ಲಿನ ಮೇಲೆ ಜೋಡಿಸಿ ಪೈಪಿಗೆ ಇಳಿಜಾರು ಕೊಟ್ಟೆವು. ಶೌಚದ ಟ್ಯಾಂಕಿನ ವಾಲ್ವನ್ನು ಒಂದೇ ಸಲಕ್ಕೆ ಪೂರ್ತಿ ಎಳೆದೆವು. ಭೋರೆಂದು ಹರಿದು, ಸದ್ದು ತೆಳುವಾಗುತ್ತಾ ಬಂದು ನಿಂತಿತು. ಅನಂತರ ಬಚ್ಚಲಿನದರಲ್ಲಿ ಪೈಪು ತೊಳೆಯುವಷ್ಟನ್ನು ಮಾತ್ರ ಚೇಂಬರಿಗೆ ಬಿಟ್ಟು, ಉಳಿದದ್ದನ್ನು ಬಟ್ಟೆ ಕಟ್ಟಿ ತೆಂಗಿನ ಬುಡಕ್ಕೆ ತಿರುಗಿಸಿದೆವು. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿದು ಕೈ ತೊಳೆದು ಊಟಕ್ಕೆ ಕೂತೆವು.

ಐದನೆಯ ದಿನ ಮಂಗಳೂರಿಗೆ ಬಂದು, ಒಳ್ಳೆಯ ನೀರಿನ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ ಬಾಯಿ ತೆರೆದಿಟ್ಟು ಒಣಗಿಸಿ, ವಾಲ್ವಿನ ಹಲಗೆ ಪೂರ್ತಿ ಕೂರುವುದಿಲ್ಲವೆಂಬುದನ್ನೂ ಜೆಟ್ ಸೋರುತ್ತದೆಂಬುದನ್ನೂ ಒಂದು ಚೀಟಿಯಲ್ಲಿ ಬರೆದು, ಕೀಲಿಯೊಂದಿಗೆ ವಾಹನದವರಿಗೆ ಕೊಟ್ಟೆವು. ಸಂಜೆ ಅತ್ತೆ ಚೆಂಬನ್ನು ಹುಣಸೆಹುಳಿ ಹಚ್ಚಿ ಬೆಳಗುತ್ತಾ ಜಗಲಿಯಲ್ಲಿ ಕೂತಿದ್ದರು. ದೀಪಾವಳಿ ಕಳೆದ ಮೇಲೆ ಗೋಕರ್ಣಕ್ಕೆ ಹೋಗಬಹುದಾ ಎಂದು ಕೇಳಿದರು. ಹೋಗುವ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಹೊನ್ನಾವರದಲ್ಲಿ ನನ್ನ ಅಕ್ಕನ ಮಗಳ ಮನೆ ಉಂಟಲ್ಲ, ಅವರದ್ದು ಪಿಟ್ ಎಲ್ಲಿ ಉಂಟು, ಬಂಡಿ ಅಲ್ಲಿಯವರೆಗೆ ಹೋಗ್ತದಾ ಅಂತ ಈಗಲೇ ಫೋನ್ ಮಾಡಿ ಕೇಳು" ಎಂದರು.